ಸೀಲಿನ ಕೆಳಗಿನ ನಾಲ್ಕು ಅಕ್ಷರ

ಹೋದ ತಿಂಗಳು ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜಿನಿಂದ ಒಂದು ಮೇಲ್ ಬಂತು. "ಸಂಸ್ಥೆಯ ಮಾಜಿ ಹೆಡ್‌ಕ್ಲರ್ಕರು, ಸರಳರು, ಸಜ್ಜನರು, ಅಜಾತಶತ್ರುಗಳು ನಮ್ಮನ್ನಗಲಿದರೆಂದು ತಿಳಿಸಲು ವಿಷಾದಿಸುತ್ತೇವೆ." ಮೂರು ವಿಶೇಷಣಗಳಲ್ಲಿ ಎರಡು ಸುಳ್ಳು. ಅವರು ಸರಳರಂತೂ ಅಲ್ಲವೇ ಅಲ್ಲ. ಇನ್ನು ಅಜಾತಶತ್ರು ಎನ್ನುವ ಮಾತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಅವರು ಒಂದಲ್ಲ ಒಂದು ಅರ್ಜಿಯನ್ನು ವಾಪಸು ಮಾಡದ ಮನೆ ಹುಡುಕಿದರೆ ಸಿಕ್ಕೀತು, ಆದರೆ ಆ ಮನೆಯಲ್ಲಿ ಶಾಲೆಗೆ ಹೋದವರು ಯಾರೂ ಇರಲಿಕ್ಕಿಲ್ಲ.

ಮೇಲ್ ಮಾತ್ರ ನೆಟ್ಟಗೆ ನನ್ನ ಇನ್‌ಬಾಕ್ಸಿಗೇ ಬಂದಿತ್ತು. ಕಾಲೇಜಿನ ಮೇಲುಗಳು ಹೀಗೆ ದಾರಿ ತಪ್ಪದೆ ಬರುವುದು ಯಾರಿಂದ ಶುರುವಾಯಿತು ಎನ್ನುವುದು ಅದನ್ನು ಬರೆದ ಪುಣ್ಯಾತ್ಮನಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದ ನಾನು ಸುಮ್ಮನಿದ್ದರೆ ಸರಿಯಲ್ಲ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ಯಾರ್ ಪರ್ಮಿಶನ್ ಕೊಟ್ಟದ್ದ್? ಆರ್ಡರ್ ಕಾಪಿ ಎಲ್ಲಿತ್ತ್?" ಎಂದು ಈಗಲೂ ಎಲ್ಲಿಂದಾದರೂ ಕೇಳಿಯಾರು.

ಕುಂದಾಪುರದ ಒಂದು ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ನಾನು ಆರು ವರ್ಷ ಅವರ ಕೈಕೆಳಗೆ ಗುಮಾಸ್ತೆಯಾಗಿದ್ದೆ. ಕಂಪ್ಯೂಟರ್ ನನ್ನ ಪಾಲಿಗೆ, ಉಳಿದದ್ದೆಲ್ಲ ಅವರ ಪಾಲಿಗೆ. ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಅವರು ಬಾಗಿಲು ತೆಗೆದು, ಕುರ್ಚಿಯನ್ನು ಒರೆಸಿ, ಕೂರದೆ ನಿಂತೇ ಇರುತ್ತಿದ್ದರು. ಒಂಬತ್ತಾಗದೆ ಕೂತರೆ ಅದು ಅನಧಿಕೃತವಂತೆ. ಚಹಾವನ್ನು ಸಾಸರಿಗೆ ಹೊಯ್ದು ಕುಡಿಯುವ ಮನುಷ್ಯ, ಆದರೆ ಹಾಜರಿ ಪುಸ್ತಕದ ಮೇಲೆ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ.

ಬಾಯಿಮಾತನ್ನು ಅವರು ನಂಬುತ್ತಿರಲಿಲ್ಲ. "ಬಾಯಿ ಮಾತಿಗೆ ನಂಬ್ರ್ ಇಲ್ಲೆ" ಎನ್ನುವುದು ಅವರ ವೇದವಾಕ್ಯ. ಆಫೀಸಿನಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಮೂರು ಸಂಸ್ಕಾರ ಆಗಬೇಕು. ಒಂದು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಾಳೆ ನೋಡುವುದು. ಎರಡು, ರವಾನೆ ಪುಸ್ತಕದ ನಂಬರ್. ಮೂರು, ನೇರಳೆ ಶಾಯಿಯ ಗೋಲ ಸೀಲು. ಆ ಸೀಲು ಬೀಳುವುದಕ್ಕೂ ಶಾಸ್ತ್ರ ಇತ್ತು. ಖಾಲಿ ಜಾಗದಲ್ಲಿ ಹಾಕುವಂತಿಲ್ಲ, ಅಕ್ಷರಗಳ ಮೇಲೆಯೇ ಅರ್ಧ ಬೀಳಬೇಕು. "ಖಾಲಿ ಜಾಗದಲ್ಲ್ ಹಾಕಿರೆ ಯಾರಾರೂ ಕತ್ತರ್ಸಿ ಬೇರೆ ಕಾಗ್ದಕ್ಕೆ ಅಂಟಿಸ್ತ್ರ್ ಮಾರಾಯ್ತಿ" ಎನ್ನುತ್ತಿದ್ದರು. ನಮ್ಮ ಕಾಲೇಜಿನ ಸೀಲನ್ನು ಕತ್ತರಿಸಿ ಅಂಟಿಸಿಕೊಂಡು ಯಾರು ಯಾವ ಸಾಮ್ರಾಜ್ಯ ಕಟ್ಟುತ್ತಾರೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ರುಜು ನೋಡುವುದರಲ್ಲಿ ಅವರಿಗೆ ಒಂದು ಹುಚ್ಚೇ ಇತ್ತು. ಒಮ್ಮೆ ಪ್ರಿನ್ಸಿಪಾಲರು ಕೈ ಉಳುಕಿಸಿಕೊಂಡು, ಪಟ್ಟಿ ಕಟ್ಟಿದ ಕೈಯಲ್ಲೇ ಹೇಗೋ ಒಂದು ಪತ್ರಕ್ಕೆ ರುಜು ಹಾಕಿದರು. ಇವರು ಅದನ್ನು ಹೊರಗೆ ತಂದು ನೋಡಿ, ಮತ್ತೆ ಒಳಗೆ ಹೋಗಿ, "ಸರ್, ಇದ್ ನಿಮ್ಮ ರುಜು ಅಲ್ಲ" ಎಂದರು. ಪ್ರಿನ್ಸಿಪಾಲರು, "ನಾನೇ ಈಗ ನಿಮ್ಮೆದುರೇ ಹಾಕಿದ್ದಲ್ಲವೇನ್ರಿ?" ಎಂದರು. "ಹಾಕದ್ದ್ ನೀವೇ. ಆದ್ರೆ ರುಜು ನಿಮ್ದ್ ಅಲ್ಲ" ಎಂದು ಪತ್ರವನ್ನು ಮೇಜಿನ ಮೇಲಿಟ್ಟು ಬಂದರು. ಕೈ ವಾಸಿಯಾಗುವವರೆಗೆ, ಹನ್ನೊಂದು ದಿನ, ಆ ಪತ್ರ ಹೋಗಲಿಲ್ಲ.

ನನ್ನ ಮದುವೆಗೆ ರಜೆ ಕೇಳಿದಾಗ ಆಮಂತ್ರಣ ಪತ್ರಿಕೆ ಲಗತ್ತಿಸಿಲ್ಲವೆಂದು ಅರ್ಜಿ ವಾಪಸು ಬಂತು. ಲಗತ್ತಿಸಿ ಕೊಟ್ಟೆ. ಮದುವೆಗೆ ಬಂದರು, ಹೊಟ್ಟೆ ತುಂಬ ಉಂಡರು, ಹೋಗುವಾಗ ನನ್ನ ಗಂಡನ ಎದುರೇ, "ಕಾಗ್ದದಲ್ಲ್ ಮುಹೂರ್ತ ಹನ್ನೊಂದೂವರೆ ಅಂದೇಳಿ ಇತ್ತ್. ತಾಳಿ ಕಟ್ಟದ್ದ್ ಹನ್ನೊಂದ್ ಐವತ್ತಕ್ಕೆ" ಎಂದು ದಾಖಲಿಸಿ ಹೋದರು. ನನ್ನ ಗಂಡ ಅವರನ್ನು ನೋಂದಣಿ ಇಲಾಖೆಯವರು ಅಂದುಕೊಂಡಿದ್ದ.

ಇಂಥ ಮನುಷ್ಯನ ಕೊನೆಯ ವರ್ಷದಲ್ಲಿ ಬೀಜಾಡಿಯ ಒಬ್ಬ ಹುಡುಗಿಯ ವಿಷಯ ಬಂತು. ನಮ್ಮಲ್ಲೇ ನಾಲ್ಕು ವರ್ಷ ಓದಿ ಪಾಸಾದವಳು. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಆಸ್ಪತ್ರೆಯವರು ಅವಳ ಸರ್ಟಿಫಿಕೇಟು ನಿಜವೋ ಸುಳ್ಳೋ ನೋಡಲು ಒಂದು ಏಜೆನ್ಸಿಗೆ ಹೇಳಿದ್ದರು. ಏಜೆನ್ಸಿಯವರು ನಮಗೆ ಮೇಲ್ ಹಾಕಿ, ಕಾಲೇಜಿನ ಸ್ವಂತ ವಿಳಾಸದಿಂದಲೇ ಉತ್ತರ ಬರಬೇಕು ಎಂದರು. ಉತ್ತರ ಕಳಿಸಿದೆವು, ತಿರುಗಿ ಬಂತು. ಮತ್ತೆ ಕಳಿಸಿದೆವು, ಮತ್ತೆ ತಿರುಗಿ ಬಂತು. ಮೇಲ್ ನಿಜವಾಗಿ ನಿಮ್ಮಿಂದಲೇ ಹೊರಟದ್ದು ಎನ್ನುವುದಕ್ಕೆ ರುಜುವಾತಿಲ್ಲ ಎಂಬುದು ಅದರ ತಾತ್ಪರ್ಯ. ಮುಂದಿನ ಶುಕ್ರವಾರ ಸಂಜೆಯೊಳಗೆ ಉತ್ತರ ತಲುಪದಿದ್ದರೆ "ದೃಢಪಟ್ಟಿಲ್ಲ" ಎಂದು ಬರೆಯುತ್ತಾರೆ, ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಜನ್ಮವಿಡೀ ಬೇರೆಯವರ ರುಜು ನೋಡಿದ ಹೆಡ್‌ಕ್ಲರ್ಕರ ಆಫೀಸಿಗೇ ರುಜು ಇಲ್ಲ ಎಂದಾಯಿತು. ಅವರ ಮುಖ ನೋಡಲಿಕ್ಕೆ ನನಗೆ ಒಳಗೊಳಗೇ ಖುಷಿಯೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಹುಡುಕಿ ಓದಿ ಪ್ರಿನ್ಸಿಪಾಲರಿಗೂ ಹೆಡ್‌ಕ್ಲರ್ಕರಿಗೂ ವಿವರಿಸಿದೆ. ನಮ್ಮ ಮೇಲ್ ಸೇವೆ ಒಂದು ಕಂಪನಿಯಿಂದ ಬಾಡಿಗೆಗೆ ತಂದದ್ದು. ಆ ಕಂಪನಿ ನಮ್ಮ ಪ್ರತಿ ಮೇಲಿಗೂ ಕಣ್ಣಿಗೆ ಕಾಣದ ಒಂದು ರುಜು ಹಾಕಿ ಕಳಿಸಬಲ್ಲದು, ಅದಕ್ಕೆ ಡಿಕಿಮ್ ಅಂತ ಹೆಸರು. ರುಜು ಹಾಕುವ ಗುಟ್ಟಿನ ಕೀಲಿ ಕಂಪನಿಯ ಹತ್ತಿರ ಇರುತ್ತದೆ. ಅದರ ಜೋಡಿ ಕೀಲಿಯನ್ನು, ಅಂದರೆ ಉದ್ದನೆಯ ಒಂದು ಅಕ್ಷರಮಾಲೆಯನ್ನು, ನಮ್ಮ ವೆಬ್ ವಿಳಾಸದ ದಾಖಲೆಯಲ್ಲಿ ನಾವು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಮೇಲ್ ತಲುಪಿದ ಕಡೆಯವರು ಎರಡನ್ನೂ ಹೋಲಿಸಿ ನೋಡುತ್ತಾರೆ. ಪ್ರಿನ್ಸಿಪಾಲರು ಇಪ್ಪತ್ತು ನಿಮಿಷ ತಲೆಯಾಡಿಸಿ, "ಹಾಗಾದರೆ ನನ್ನ ರುಜುವನ್ನು ಸ್ಕ್ಯಾನ್ ಮಾಡಬೇಕಾ?" ಎಂದರು. ಹೆಡ್‌ಕ್ಲರ್ಕರು ಮಾತ್ರ ಒಂದೇ ಏಟಿಗೆ ಹಿಡಿದರು.

"ಬ್ಯಾಂಕಿನಗೆ ಮಾದರಿ ರುಜು ಕೊಡುದಿಲ್ದಾ? ಕಾರ್ಡ್ ಅಲ್ಲಿ ಇಪ್ಪುದ್, ಚೆಕ್ಕಿನ ರುಜು ಬಂದಾಗ ತಾಳೆ ಕಾಂಬುದ್. ಅದೇ ಅಲ್ದಾ?"

ಅದೇ. ಅಷ್ಟು ಚೆನ್ನಾಗಿ ನಾನು ಓದಿದ ಯಾವ ಪುಟದಲ್ಲೂ ಬರೆದಿರಲಿಲ್ಲ. "ಇಷ್ಟ್ ವರ್ಷ ಮಾದರಿ ರುಜು ಕೊಡ್ದೆ ಚೆಕ್ ಬರೀತಿತ್ತಾ ನಾವ್?" ಎಂದು ಅವರು ನನ್ನ ಮೇಲೇ ತಿರುಗಿದ್ದು ಬೇರೆ ವಿಷಯ.

ಸಮಸ್ಯೆ ಇದ್ದದ್ದು ಇನ್ನೊಂದು ಕಡೆ. ನಮ್ಮ ವೆಬ್ ವಿಳಾಸವನ್ನು ವರ್ಷಗಳ ಹಿಂದೆ ನೋಂದಾಯಿಸಿ ಕೊಟ್ಟವನು ಬೈಂದೂರಿನ ಒಬ್ಬ ಕಂಪ್ಯೂಟರ್ ಅಂಗಡಿಯವನು. ಪಾಸ್‌ವರ್ಡ್ ಇದ್ದದ್ದು ಅವನ ಬಳಿ ಮಾತ್ರ, ಅಕ್ಷರಮಾಲೆಯನ್ನು ಅವನೇ ಏರಿಸಬೇಕು. ಅವನಿಗೆ ಅದನ್ನು ಕಾಲೇಜಿನ ಮೇಲಿನಿಂದ ಕಳಿಸಿದೆ. "ಎಂತದೂ ಬರ್ಲಿಲ್ಲೆ ಅಕ್ಕ" ಎಂದ. ಬರುವುದು ಹೇಗೆ? ರುಜು ಇಲ್ಲದ ಮೇಲ್ ಅವನಲ್ಲೂ ಕಸಕ್ಕೆ ಬಿದ್ದಿತ್ತು. ವಾಟ್ಸಾಪ್ ಮಾಡುತ್ತೇನೆ ಎಂದೆ. ಹೆಡ್‌ಕ್ಲರ್ಕರು ಪೆನ್ನು ಕೆಳಗಿಟ್ಟರು.

"ವಾಟ್ಸಾಪ್‌ನಗಾ? ಕಾಲೇಜಿನ ಮಾದರಿ ರುಜುವಾ? ಗುಡ್‌ಮಾರ್ನಿಂಗ್ ಹೂಗಿನ್ ಒಟ್ಟಿಗಾ? ಎಷ್ಟ್ ಓದಿರ್ ಏನ್ ಸುಖ ಹೆಣೆ ನಿನ್ನ?"

ಇದನ್ನು ಲ್ಯಾಬಿನವರು, ಲೈಬ್ರರಿಯವರು ಎಲ್ಲ ಇದ್ದಾಗಲೇ ಹೇಳಿದರು. ನಾನು ಮುಖ ಊದಿಸಿಕೊಂಡು ಅಕ್ಷರಮಾಲೆಯನ್ನು ಪ್ರಿಂಟ್ ಮಾಡಿ ಕೊಟ್ಟೆ. ನಾಲ್ಕುನೂರಕ್ಕೆ ತುಸು ಕಡಿಮೆ ಅಕ್ಷರ, ದೊಡ್ಡದು ಸಣ್ಣದು ಅಂಕಿ ಎಲ್ಲ ಕಲಸಿ ಹಾಕಿದ್ದು. ಅವರು ಸಂಪ್ರದಾಯ ಬಿಡಲಿಲ್ಲ. ನನ್ನಿಂದ ಗಟ್ಟಿಯಾಗಿ ಓದಿಸಿದರು, "ದೊಡ್ಡ ಎಂ, ದೊಡ್ಡ ಐ, ದೊಡ್ಡ ಐ, ದೊಡ್ಡ ಬಿ..." ಆಫೀಸಿನ ಹೊರಗೆ ಫೀಸು ಕಟ್ಟಲು ಬಂದ ಮಕ್ಕಳು ನನಗೆ ಏನೋ ಆಗಿದೆ ಎಂದುಕೊಂಡಿರಬೇಕು. ಮುಗಿದ ಮೇಲೆ ರವಾನೆ ನಂಬರ್ ಹಾಕಿದರು. ಆಮೇಲೆ ಸೀಲಿಗೆ ಒಮ್ಮೆ ಉಸಿರು ಊದಿ, ಶಾಸ್ತ್ರಪ್ರಕಾರ ಅಕ್ಷರಗಳ ಮೇಲೆ ಅರ್ಧ ಬೀಳುವ ಹಾಗೆ ಠಪ್ ಎಂದು ಒತ್ತಿದರು.

ಕೊನೆಯ ಸಾಲಿನ ನಾಲ್ಕು ಅಕ್ಷರ ನೇರಳೆ ಶಾಯಿಯಲ್ಲಿ ಮುಳುಗಿದವು. ನಾನು ನೋಡಿದೆ. ಹೇಳಲಿಲ್ಲ. ಹೇಗೂ ಜಗತ್ತಿನ ಎಲ್ಲ ತಪ್ಪನ್ನೂ ಹಿಡಿಯುವವರಲ್ಲವೇ, ಇದನ್ನೂ ಹಿಡಿಯಲಿ ಎಂದು ನನ್ನ ಸಿಟ್ಟು. ಆ ಹುಡುಗಿಯ ನೆನಪು ಆ ಗಳಿಗೆಯಲ್ಲಿ ನನಗೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರು ಆ ಕಾಗದವನ್ನು ಲಕೋಟೆಯಲ್ಲಿಟ್ಟು, ಲಕೋಟೆಯನ್ನು ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೈಂದೂರಿಗೆ ಹೋದರು. ಅಲ್ಲಿ ನಡೆದದ್ದನ್ನು ಅಂಗಡಿಯವನು ಆಮೇಲೆ ನನಗೆ ಹೇಳಿದ. ಅವನೂ ಒಂದು ಕಾಲದಲ್ಲಿ ಇವರ ಬಲೆಗೆ ಬಿದ್ದವನೇ. ಹಿಂದೆ ಇವರು ಬೇರೆ ಕಾಲೇಜಿನಲ್ಲಿದ್ದಾಗ ಅಲ್ಲಿ ವಿದ್ಯಾರ್ಥಿಯಾಗಿದ್ದು, ರಜೆ ಅರ್ಜಿಗೆ ಅಪ್ಪನ ರುಜುವನ್ನು ತಾನೇ ಹಾಕಿ ಸಿಕ್ಕಿಬಿದ್ದಿದ್ದ. ಈಗ ಇವರು ಎದುರಿಗೆ ಸ್ಟೂಲಿನಲ್ಲಿ ಕೂತದ್ದೇ ತಡ, ಅವನು ಕುರ್ಚಿ ಬಿಟ್ಟು ಎದ್ದು ನಿಂತೇ ಟೈಪ್ ಮಾಡಿದನಂತೆ.

"ಸೀಲಿನ್ ಅಡಿಗೆ ಎಂತ ಇತ್ತ್ ಅಂದೇಳಿ ಕಾಂತೇ ಇರ್ಲಿಲ್ಲೆ ಅಕ್ಕ. ಆದ್ರೆ ಅವ್ರ ಹತ್ರ ನಿಮ್ಮ ಸೀಲ್ ಸಮ ಬೀಳ್ಲಿಲ್ಲೆ ಅಂಬುದ್ ಹ್ಯಾಂಗೆ? ಅಂದಾಜಿಗೆ ಹೊಡ್ದೆ."

ಹೊಡೆದ ಮೇಲೆ ತಾಳೆಯೂ ಆಯಿತು. ಅವನು ಪರದೆ ನೋಡಿ ಓದಿದ, ಇವರು ಕಾಗದ ನೋಡಿದರು. ಶಾಯಿಯ ಕೆಳಗಿದ್ದ ನಾಲ್ಕು ಅಕ್ಷರ ಬಂದಾಗ ಇವರಿಗೂ ಅವನು ಓದಿದ್ದೇ ಸರಿ ಎಂದು ಕಂಡಿತು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರ ತಾಳೆ ತಪ್ಪಿದ್ದಿಲ್ಲ, ಅವತ್ತೂ ತಪ್ಪಲಿಲ್ಲ. ಇಬ್ಬರೂ ಒಂದೇ ತಪ್ಪನ್ನು ಸೇರಿ ಓದಿದ್ದರು, ಅಷ್ಟೆ.

ದಾಖಲೆ ಎಲ್ಲ ಕಡೆ ಹರಡಲು ನಲವತ್ತೆಂಟು ಗಂಟೆ ಬೇಕಾಗಬಹುದು ಎಂದು ಮೇಲ್ ಕಂಪನಿಯ ಸೂಚನೆಯಲ್ಲಿತ್ತು. ಹಲವು ಸಲ ಒಂದು ಗಂಟೆಯಲ್ಲೇ ಆಗುತ್ತದೆ, ನೋಡೋಣವೇ ಎಂದೆ. "ನಲ್ವತ್ತೆಂಟ್ ಅಂದ್ರೆ ನಲ್ವತ್ತೆಂಟ್" ಎಂದರು. ಗುರುವಾರ ಹನ್ನೊಂದೂಕಾಲಕ್ಕೆ, ಕೈಗಡಿಯಾರ ನೋಡಿ, "ಈಗ ಒತ್ತ್" ಎಂದರು. ರುಜು ಶುರುಮಾಡುವ ಗುಂಡಿ ಒತ್ತಿದೆ. ದಾಖಲೆ ಹೊಂದುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ಮತ್ತೆ ಒತ್ತಿದೆ, ಮತ್ತೆ ಕೆಂಪು.

ಅದೇ ಹೊತ್ತಿಗೆ ಹುಡುಗಿಯ ತಾಯಿ ಬೀಜಾಡಿಯಿಂದ ಬಂದರು. ಮಗಳು ಹೆದರಿ ಊಟ ಬಿಟ್ಟಿದ್ದಾಳೆ, ತಾನೇ ಕೇಳಿ ಬರುತ್ತೇನೆ ಎಂದು ಹೊರಟು ಬಂದವರು. ಪ್ರಿನ್ಸಿಪಾಲರೂ ಹೊರಗೆ ಬಂದರು. ಆ ಹೆಂಗಸು ಕೌಂಟರಿನ ಮೇಲೆ ಎರಡೂ ಕೈಯಿಟ್ಟು ಹೆಡ್‌ಕ್ಲರ್ಕರನ್ನೇ ನೋಡಿ ಕೇಳಿದರು.

"ಸರ್, ನಮ್ಮ ಹೆಣ್ ನಾಲ್ಕ್ ವರ್ಷ ಇಲ್ಲೇ ಬಂದದ್ದಲ್ದಾ? ದಿನಾ ಬೆಳಿಗ್ಗೆ ಬುತ್ತಿ ಕಟ್ಟಿ ಕೊಟ್ಟದ್ದ್ ನಾನಲ್ದಾ? ಈಗ ಅವ್ಳ್ ಓದದ್ದ್ ಸುಳ್ಳ್ ಅಂತ್ರಂಬ್ರಲೆ. ಸುಳ್ಳಾ ಸರ್?"

ಪ್ರಿನ್ಸಿಪಾಲರು ಕೂಡಲೇ, "ಇಲ್ಲಮ್ಮ, ಆ ಬೈಂದೂರಿನ ಅಂಗಡಿಯವನ ಬೇಜವಾಬ್ದಾರಿ. ಅವನ ಮೇಲೆ ಕ್ರಮ ತೆಗೆದುಕೊಳ್ಳುತ್ತೇವೆ" ಎಂದರು. ಚೆನ್ನಾದ ಉತ್ತರ. ಬೈಂದೂರು ದೂರ, ಅಂಗಡಿಯವನು ಅಲ್ಲಿರಲಿಲ್ಲ, ನಾವೆಲ್ಲ ತಲೆಯಾಡಿಸಲು ತಯಾರಾಗಿದ್ದೆವು. ಹೆಡ್‌ಕ್ಲರ್ಕರು ಆ ಹೊತ್ತಿಗೆ ಫೈಲಿನಿಂದ ಆ ಕಾಗದದ ಆಫೀಸ್ ಪ್ರತಿಯನ್ನು ತೆಗೆದಿದ್ದರು. ಅದಕ್ಕೂ ಅವರೇ ಅದೇ ಜಾಗದಲ್ಲಿ ಸೀಲು ಹಾಕಿದ್ದರು. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಹಿಂಬದಿಯಿಂದ ನೋಡಿದರು. ಆಮೇಲೆ ಮೇಜಿನ ಮೇಲಿಟ್ಟರು.

"ಅವ್ನ ತಪ್ಪಲ್ಲ" ಎಂದರು. "ಸೀಲ್ ಅಕ್ಷರದ ಮೇಲೆ ಬಿದ್ದಿತ್ತ್. ಹಾಕದ್ದ್ ನಾನ್." ಆ ತಾಯಿಯ ಕಡೆ ತಿರುಗಿ, "ನಿಮ್ಮ ಹೆಣ್ ಓದದ್ದ್ ಸುಳ್ಳಲ್ಲ ಅಮ್ಮ. ತಪ್ಪ್ ನಂದ್" ಎಂದರು.

ಪ್ರಿನ್ಸಿಪಾಲರ ಬಾಯಿ ತೆರೆದೇ ಇತ್ತು. ತಪ್ಪು ಒಪ್ಪಿಕೊಳ್ಳುವುದನ್ನು ಆ ಕಟ್ಟಡದಲ್ಲಿ ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲ, ಹೀಗಾಗಿ ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೆಡ್‌ಕ್ಲರ್ಕರಿಗೆ ತಿಳಿದಿತ್ತು. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು.

"ವಾಟ್ಸಾಪ್ ಮಾಡ್ ಮಾರಾಯ್ತಿ."

ಮಾಡಿದೆ. ಬೈಂದೂರಿನವನು ಅದನ್ನು ಎತ್ತಿ ಅಂಟಿಸಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಮೂರು ಸಂಸ್ಕಾರ, ಎರಡು ಬಸ್ಸು, ನಲವತ್ತೆಂಟು ಗಂಟೆ, ಒಬ್ಬ ತಾಯಿಯ ಪ್ರಶ್ನೆ ಎಲ್ಲ ಸೇರಿ ಮಾಡಲಾಗದ್ದು ಗುಡ್‌ಮಾರ್ನಿಂಗ್ ಹೂಗಳ ಜೊತೆಯಲ್ಲಿ ಆಗಿಹೋಯಿತು. ನಾನು ಗೆದ್ದೆ ಅಂತ ಆಗಬೇಕಿತ್ತು. ಆಗಲಿಲ್ಲ, ಅವರ ಮುಖ ನೋಡಿ ನಾಚಿಕೆಯಾಯಿತು.

ಶುಕ್ರವಾರ ನಾನು ಬಂದಾಗ ಅವರು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ಒಂಬತ್ತಾಗಲು ಇನ್ನೂ ಸಮಯವಿತ್ತು. ಗುಂಡಿ ಒತ್ತಿದೆ, ಕೆಂಪು ಬರಲಿಲ್ಲ. ನನ್ನ ಸ್ವಂತ ಮೇಲಿಗೆ ಒಂದು ಪರೀಕ್ಷೆ ಮೇಲ್ ಕಳಿಸಿ, ಅದರ ಹೊಟ್ಟೆಯೊಳಗಿನ ವಿವರ ತೆರೆದು, ರುಜು ಸರಿಯಿದೆ ಎಂದು ಇದ್ದ ಸಾಲನ್ನು ತೋರಿಸಿದೆ. ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಏಜೆನ್ಸಿಗೆ ಉತ್ತರ ಹೋಯಿತು, ತಿರುಗಿ ಬರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ "ದೃಢಪಟ್ಟಿದೆ" ಎಂದು ಅವರಿಂದ ಮೇಲ್ ಬಂತು. ಬೀಜಾಡಿಗೆ ಫೋನ್ ಮಾಡಿದವಳು ನಾನು. ಆ ತಾಯಿ ನನ್ನನ್ನು ಹರಸಿದ್ದು ಇನ್ನೂ ಕಿವಿಯಲ್ಲಿದೆ, ಅದರಲ್ಲಿ ನನಗೆ ಸೇರಬೇಕಾದದ್ದು ಏನೂ ಇರಲಿಲ್ಲ.

ವಿಷಯ ಅಲ್ಲಿಗೆ ಮುಗಿಯಬಹುದಿತ್ತು, ಮುಗಿಸಲು ಅವರು ಬಿಡಬೇಕಲ್ಲ. ನಡೆದದ್ದನ್ನೆಲ್ಲ ಒಂದು ಟಿಪ್ಪಣಿಯಾಗಿ ಬರೆದು, ತಪ್ಪು ತನ್ನದು ಎಂದು ಕೊನೆಗೆ ಸೇರಿಸಿ, ನಿಯಮದಂತೆ ಪ್ರಿನ್ಸಿಪಾಲರಿಗೆ ಸಲ್ಲಿಸಿದರು. ಪ್ರಿನ್ಸಿಪಾಲರು ನಿಯಮದಂತೆ ಆಡಳಿತ ಸಮಿತಿಗೆ ಕಳಿಸಿದರು. ಸಮಿತಿಗೆ ತಪ್ಪು ಮಾಡಿದವರು ಬೇಕಾದಷ್ಟು ಸಿಗುತ್ತಾರೆ, ಒಪ್ಪಿಕೊಂಡವರು ಸಿಗುವುದು ಅಪರೂಪ. ಸಿಕ್ಕಿದ ಮೇಲೆ ಬಿಡುವುದುಂಟೇ? ಎರಡು ತಿಂಗಳು ಕಳೆದು ಸಭೆ ಸೇರಿದಾಗ, ಹೆಡ್‌ಕ್ಲರ್ಕರಿಗೆ ಒಂದು ಮೆಮೊ ಕೊಡಬೇಕೆಂದು ಸರ್ವಾನುಮತದ ತೀರ್ಮಾನವಾಯಿತು. ಅವರ ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು.

ಆ ಕಾಲೇಜಿನಲ್ಲಿ ಮೆಮೊ ಬರೆಯಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ. ಪ್ರಿನ್ಸಿಪಾಲರು ಸಂಕೋಚದಿಂದ ಬಂದು, "ಒಂದು ಡ್ರಾಫ್ಟ್ ನೀವೇ ಮಾಡಿಬಿಡಿ, ಭಾಷೆ ನಿಮ್ಮದೇ ಚೆಂದ" ಎಂದರು. ಅವರು ಮಾಡಿದರು. ಮಾಡಿ, ತಾಳೆಗೆ ನನ್ನ ಕೈಯಲ್ಲಿ ಕೊಟ್ಟು, "ಓದ್" ಎಂದರು.

ಓದಿದೆ. "ನಿಮ್ಮ ತೀವ್ರ ಅಜಾಗರೂಕತೆಯಿಂದಾಗಿ ಸಂಸ್ಥೆಯ ಘನತೆಗೆ ಕುಂದುಂಟಾಗಿರುತ್ತದೆ..." ಮುಂದೆ ಓದಲಾಗಲಿಲ್ಲ. 'ತೀವ್ರ' ಎನ್ನುವ ಪದ ಸಮಿತಿಯ ನಡಾವಳಿಯಲ್ಲಿ ಇರಲಿಲ್ಲ, ಅವರೇ ಸೇರಿಸಿದ್ದು.

"ಸರ್, ಸೀಲ್ ಬಿದ್ದದ್ದ್ ನಾನ್ ಅವತ್ತೇ ಕಂಡಿದ್ದೆ" ಎಂದೆ. "ಸಿಟ್ಟಿಗೆ ಹೇಳ್ಲಿಲ್ಲೆ."

ಅವರು ನನ್ನನ್ನು ನೋಡಲಿಲ್ಲ. ಪೆನ್ನಿನ ನಿಬ್ಬನ್ನು ಬಟ್ಟೆಯ ಚೂರಿನಿಂದ ಒರೆಸುತ್ತಿದ್ದರು.

"ಕಂಡಿಪ್ಪೆ. ಹೇಳಿರೆ ನಾನ್ ಕೇಂತಿದ್ನಾ? ಮುಂದೆ ಓದ್."

ಓದಿ ಮುಗಿಸಿದೆ. ಪ್ರಿನ್ಸಿಪಾಲರ ರುಜು ಆಯಿತು. ಹೆಡ್‌ಕ್ಲರ್ಕರು ಅದನ್ನು ಹಿಂದಿನ ರುಜುವಿನ ಜೊತೆ ಹೋಲಿಸಿ ನೋಡಿ ತೃಪ್ತರಾದರು. ಮೆಮೊವನ್ನು ತನಗೆ ತಾನೇ ಜಾರಿ ಮಾಡಿ, ತಲುಪಿದ್ದಕ್ಕೆ ತಾನೇ ರುಜು ಹಾಕಿಕೊಂಡರು. ನಗು ಬರಬೇಕಾದ ದೃಶ್ಯ, ನನಗೆ ಅಳು ಬಂತು. ಎರಡನ್ನೂ ತಡೆದು ಮೆಮೊದ ಪ್ರತಿಯನ್ನು ಫೈಲಿಗೆ ಸೇರಿಸಿದೆ.

ವಿವರಣೆ ಕೊಡಲು ಏಳು ದಿನ ಕಾಲಾವಕಾಶ ಇತ್ತು. ಅವರು ಪೆನ್ನಿಗೆ ಮುಚ್ಚಳ ಹಾಕುವ ಮೊದಲೇ, ನಿಂತಲ್ಲೇ ಬಗ್ಗಿ ಬರೆದು ಕಾಗದವನ್ನು ನನ್ನ ಕಡೆ ಸರಿಸಿದರು. ಎರಡೇ ವಾಕ್ಯ ಇತ್ತು.

"ಆಪಾದನೆ ಸರಿಯಾಗಿದೆ. ಹುಡುಗಿ ಕೆಲಸಕ್ಕೆ ಸೇರಿರುತ್ತಾಳೆ."